ಪಿನ್ ಹಾಕಿದ್ರ ರೊಕ್ಕ ಹೋಗ್ತದ, ಹೆಬ್ಬೆಟ್ಟು ಒತ್ತಿದ್ರ ರೊಕ್ಕ ಬರ್ತದ: ಯುಪಿಐ ಬದಲಾವಣೆ ನಮಗ್ಯಾಕ ತಿಳೀವಲ್ವು

ಫೋನಿನ ರೊಕ್ಕದ ಬಗ್ಗೆ ಒಂದರ ಹಿಂದ ಒಂದು ಸುದ್ದಿ ಬಂದ್ವು. 2025ರ ಜೂನ್ 30ರಿಂದ ರೊಕ್ಕ ಕಳಿಸೋ ಮುಂದ ಬ್ಯಾಂಕಿನ್ಯಾಗ ಇರೋ ಹೆಸರೇ ಕಾಣಬೇಕು ಅಂದ್ರು, ಆಗಸ್ಟ್ 1ರಿಂದ ಒಂದು ಆಪ್‌ನ್ಯಾಗ ದಿನಕ್ಕ 50 ಸಲ ಮಾತ್ರ ಬ್ಯಾಲೆನ್ಸ್ ನೋಡಬೇಕು ಅಂದ್ರು, ಅಕ್ಟೋಬರ್ 1ರಿಂದ ಒಬ್ಬರು ಇನ್ನೊಬ್ಬರಿಗೆ ರೊಕ್ಕ ಕೇಳಿ ಕಳಿಸೋ ರಿಕ್ವೆಸ್ಟ್ ಬಂದ್ ಅಂದ್ರು, ಅದೇ ತಿಂಗಳು ಪಿನ್ ಬದ್ಲಿ ಬೆರಳು ಇಲ್ಲಾ ಮುಖ ತೋರಿಸಿದ್ರೂ ನಡೀತದ ಅಂದ್ರು, ಆಮ್ಯಾಲ 2026ರ ಏಪ್ರಿಲ್ 1ರಿಂದ ರಿಸರ್ವ್ ಬ್ಯಾಂಕಿನ ಹೊಸ ದೃಢೀಕರಣ ನಿಯಮ ಅಂದ್ರು. ವಾಟ್ಸಾಪ್‌ನ್ಯಾಗ ಇವೆಲ್ಲ ಕಲಸಿ ಒಂದಾದ್ವು. ಓಟಿಪಿ ಪೂರ್ತಿ ಬಂದ್ ಆಗ್ತದಂತ, ಫೋನ್ ಪೇ ಮಾಡ್ಲಿಕ್ಕ ಆಧಾರ್ ಹೆಬ್ಬೆಟ್ಟು ಬೇಕಂತ, ಯಾರರೆ ರೊಕ್ಕ ಹಾಕಿದ್ರ ಬರೋದೇ ಇಲ್ಲಂತ.

ಕಲಬುರಗಿ ಸೂಪರ್ ಮಾರ್ಕೆಟ್‌ನ್ಯಾಗ ಕೇಳ್ರಿ, ಬೀದರ್, ಯಾದಗಿರಿ ಬಸ್ ಸ್ಟ್ಯಾಂಡಿನ ಚಹಾದಂಗಡಿ ಮುಂದ ಕೇಳ್ರಿ, ಮಂದಿ ಕೇಳೋದು ಒಂದೇ: ಚಂದಾಗಿ ನಡದಿತ್ತಲ್ರೀ, ಯಾಕ ಬದ್ಲಿ ಮಾಡ್ಲಿಕ್ಹತ್ಯಾರ? ಈ ಪ್ರಶ್ನೆಗೆ ಬ್ಯಾಂಕಿನವರ ಉತ್ತರ "ಸುರಕ್ಷತೆ" ಅನ್ನೋ ಒಂದು ಶಬ್ದಕ್ಕ ಮುಗೀತದ, ಆದ್ರ ಅಷ್ಟಕ್ಕ ತಿಳಿಯಂಗಿಲ್ಲ. ಪರದೆ ಮ್ಯಾಲ ಯಾವ ಬಟನ್ ಎಲ್ಲದ, ಯಾವ ಶಬ್ದ ಬರದದ, ಯಾವಾಗ ಪಿನ್ ಕೇಳ್ತದ, ಇದರ ಮ್ಯಾಲ ಸಾದಾ ಮಂದಿಯ ರೊಕ್ಕ ನಿಂತದ, ಹಂಗಾಗಿ ಅದನ್ನ ಸ್ವಲ್ಪ ಸಮಾಧಾನದಿಂದ ಬಿಡಿಸಿ ನೋಡ್ಬೇಕಾಗ್ತದ.

ಮೊದ್ಲು ಸುದ್ದಿ ಬ್ಯಾರೆ ಬ್ಯಾರೆ ಮಾಡೋಣು

ಯುಪಿಐ ಅನ್ನೋದು ಭಾರತೀಯ ರಾಷ್ಟ್ರೀಯ ಪಾವತಿ ನಿಗಮ, ಅಂದ್ರ ಎನ್‌ಪಿಸಿಐ, 2016ರಾಗ ಶುರು ಮಾಡಿದ್ದು. ಫೋನ್ ಪೇ, ಗೂಗಲ್ ಪೇ, ಪೇಟಿಎಂ, ಭೀಮ್ ಎಲ್ಲಾ ಅದರ ಮ್ಯಾಲ ಓಡೋ ಗಾಡಿಗಳು, ರಸ್ತೆ ಒಂದೇ. ಹಂಗಾಗಿ ಎನ್‌ಪಿಸಿಐ ಒಂದು ಸುತ್ತೋಲೆ ಹೊರಡಿಸಿದ್ರ ಎಲ್ಲಾ ಆಪ್‌ಗೂ ತಾಗ್ತದ. 2025ರ ಆಗಸ್ಟ್ ಒಂದೇ ತಿಂಗಳಾಗ ಈ ರಸ್ತೆ ಮ್ಯಾಲ 2000 ಕೋಟಿಗಿಂತ ಹೆಚ್ಚು ವ್ಯವಹಾರ ನಡದ್ವು, ಇಷ್ಟು ದೊಡ್ಡ ಗದ್ದಲದಾಗ ಪರದೆ ಮ್ಯಾಲಿನ ಒಂದು ಸಣ್ಣ ಗೊಂದಲ ಅಂದ್ರೂ ಅದು ಲಕ್ಷಾಂತರ ಮಂದಿಗೆ ತಾಗೋ ಗೊಂದಲ.

ಬ್ಯಾಲೆನ್ಸ್ ಮಿತಿಗೂ ಮೋಸಕ್ಕೂ ಸಂಬಂಧ ಇಲ್ಲ. 2025ರ ಮಾರ್ಚ್, ಏಪ್ರಿಲ್‌ನ್ಯಾಗ ಯುಪಿಐ ಹಲವು ಸಲ ನಿಂತಿತ್ತು, ಆಪ್‌ಗಳು, ಬ್ಯಾಂಕುಗಳು ಮ್ಯಾಲಿಂದ ಮ್ಯಾಲ ಕೇಳೋ ಪ್ರಶ್ನೆಗಳ ಭಾರ ಇಳಿಸ್ಲಿಕ್ಕ ಆ ಮಿತಿ ಬಂತು. ದಿನಕ್ಕ 50 ಸಲ ಬ್ಯಾಲೆನ್ಸ್ ನೋಡೋರು ಅಪರೂಪ, ಗೃಹಲಕ್ಷ್ಮಿ ರೊಕ್ಕ ಬಿತ್ತೇನು ಅಂತ ಮುಂಜಾನಿಂದ ಸಂಜಿ ತನಕ ನೋಡೋರಿಗೂ ಅದು ಸಾಕು.

ಓಟಿಪಿ ವಿಷಯದಾಗ ಭಾಳ ಮಂದಿಗೆ ತಪ್ಪು ತಿಳುವಳಿಕೆ ಆಗ್ಯದ. ರಿಸರ್ವ್ ಬ್ಯಾಂಕ್ 2025ರ ಸೆಪ್ಟೆಂಬರ್ 25ಕ್ಕ ಹೊರಡಿಸಿದ ನಿರ್ದೇಶನದಾಗ ಎಸ್‌ಎಂಎಸ್ ಓಟಿಪಿ ಬಂದ್ ಮಾಡ್ರಿ ಅಂತ ಎಲ್ಲೂ ಹೇಳಿಲ್ಲ. ಹೇಳಿದ್ದೇನಂದ್ರ, ರೊಕ್ಕ ಹೋಗಬೇಕಾದ್ರ ಕನಿಷ್ಠ ಎರಡು ಬ್ಯಾರೆ ಬ್ಯಾರೆ ಪುರಾವೆ ಬೇಕು, ಒಂದರೆ ಆ ವ್ಯವಹಾರಕ್ಕೇ ಹೊಸದಾಗಿ ಹುಟ್ಟಿದ್ದಿರಬೇಕು, ಅದು ಓಟಿಪಿನೇ ಆಗಬೇಕಂತ ಇಲ್ಲ. ಪುರಾವೆ ಅಂದ್ರ ಮೂರು ಥರ: ನಿಮ್ಮ ಕಡೆ ಇರೋ ವಸ್ತು, ನಿಮಗ ಗೊತ್ತಿರೋ ಗುಟ್ಟು, ನಿಮ್ಮ ಮೈಮ್ಯಾಲ ಇರೋ ಗುರುತು. ಯುಪಿಐದಾಗ ಮೊದ್ಲೇ ಎರಡು ಅವ, ಫೋನು ಅದರಾಗಿನ ಸಿಮ್ಮು ಒಂದು, ಪಿನ್ ಇನ್ನೊಂದು. ಈಗ ಪಿನ್ ಇದ್ದ ಜಾಗಾದಾಗ ಬೆರಳು ಇಲ್ಲಾ ಮುಖ ಇಡಬಹುದು ಅಂತ ಮಾಡ್ಯಾರ. ಬೇಕಾದವರು ಚಾಲೂ ಮಾಡ್ಕೋಬಹುದು, ಬ್ಯಾಡಾದವರಿಗೆ ಪಿನ್ ಇದ್ದೇ ಇರ್ತದ.

ಇನ್ನ ರಿಕ್ವೆಸ್ಟ್ ಬಂದ್ ಆದದ್ದು, ಹೆಸರಿನ ನಿಯಮ, ಬೆರಳು, ಈ ಮೂರೂ ಒಂದೇ ಬಳ್ಳಿಯ ಕಾಯಿ. ಬೇರು ಎಲ್ಲದ ಅಂದ್ರ, ರೊಕ್ಕ ಯಾವ ಕಡೆ ಹರೀಲಿಕ್ಹತ್ಯದ ಅಂತ ಪರದೆ ಮಂದಿಗೆ ಸರಿಯಾಗಿ ಹೇಳಂಗಿಲ್ಲ.

ನಮ್ಮ ಕಡೆ ಗುರುತು ಕೊಟ್ರ ಸಿಗ್ತದ

"ಪಿನ್ ಹಾಕಿದ್ರ ರೊಕ್ಕ ಹೋಗ್ತದ, ಬರ್ಲಿಕ್ಕ ಪಿನ್ ಬೇಕಾಗಂಗಿಲ್ಲ, ಇಷ್ಟು ತಿಳಿಯಂಗಿಲ್ಲೇನು?" ಅಂತ ಮೋಸ ಹೋದವರಿಗೆ ಬೈತಾರ. ಬೈಯೋದಕ್ಕಿಂತ ಮೊದ್ಲು ಅವರ ಒಂದು ತಿಂಗಳ ಬದುಕು ನೋಡ್ರಿ.

ಆಳಂದ ಇಲ್ಲಾ ಸುರಪುರ ಕಡಿ ಒಂದು ಹಳ್ಳಿ ತಗೋರಿ. ರೇಷನ್ ಅಂಗಡಿಗೆ ಹೋದ್ರ ಮಷೀನ್ ಮ್ಯಾಲ ಹೆಬ್ಬೆಟ್ಟು ಇಡಬೇಕು, ಇಟ್ಟ ಮ್ಯಾಲ ಅಕ್ಕಿ ಸಿಗ್ತದ. ಗೃಹಲಕ್ಷ್ಮಿಯ 2000 ರೂಪಾಯಿ ಖಾತೆಗೆ ಬಿದ್ದದ, ತಗೊಳ್ಳಾಕ ಬ್ಯಾಂಕಿನ ತನಕ ಹೋಗಬೇಕಂತಿಲ್ಲ, ಊರಾಗಿನ ಬ್ಯಾಂಕ್ ಮಿತ್ರನ ಹತ್ರ ಆಧಾರ್ ನಂಬರ್ ಹೇಳಿ ಬೆರಳು ಇಟ್ರ ಕೈಗೆ ನೋಟು ಬರ್ತಾವ. ಮುತ್ಯಾನ ಪಿಂಚಣಿ, ಆಯಿಯ ವಿಧವಾ ವೇತನ, ಎಲ್ಲಾ ಕಡೆ ಇದೇ ಕ್ರಮ. ಬೆರಳು ಹತ್ತಲಿಲ್ಲ ಅಂದ್ರ ಸಿಗಂಗಿಲ್ಲ, ಹತ್ತಿದ್ರ ಸಿಗ್ತದ. ಬಯೋಮೆಟ್ರಿಕ್ ಬರೋಕಿಂತ ಮೊದ್ಲೂ ಹಿಂಗೇ ಇತ್ತು, ರಜಿಸ್ಟರ್‌ನ್ಯಾಗ ಶಾಯಿ ಹೆಬ್ಬೆಟ್ಟು ಒತ್ತಿದವರಿಗೆ ಕೂಲಿ.

ಹಿಂಗ ವರ್ಷಾನುಗಟ್ಟಲೆ ಸರ್ಕಾರ, ಬ್ಯಾಂಕು, ಅಂಗಡಿ ಎಲ್ಲಾ ಸೇರಿ ಒಂದು ಪಾಠ ಕಲಿಸ್ಯಾರ: ನೀನು ನೀನೇ ಅಂತ ತೋರಿಸು, ನಿನ್ನದು ನಿನಗ ಸಿಗ್ತದ. ಆ ಪಾಠ ಕಲತವರ ಕೈಗೆ ಫೋನ್ ಕೊಟ್ಟು, ಇದರಾಗ ಮಾತ್ರ ಉಲ್ಟಾ, ಇಲ್ಲಿ ಗುರುತು ತೋರಿಸಿದ್ರ ನಿನ್ನದು ಹೋಗ್ತದ ಅಂದ್ರ ಅದು ತಲಿಗೆ ಹೊಕ್ಕಲಿಕ್ಕ ಟೈಮ್ ಬೇಕು, ಹೊಕ್ಕರೂ ಗಡಿಬಿಡಿಯಾಗ ಹಳೇ ಪಾಠನೇ ಮುಂದ ಬರ್ತದ. ಇದು ದಡ್ಡತನ ಅಲ್ಲ. ಒಂದು ಕಡೆ ಸರಿಯಾಗಿ ಕಲತದ್ದನ್ನ ಇನ್ನೊಂದು ಕಡೆ ಬಳಸಿದ್ದು, ಅಷ್ಟೇ.

ಒಂದೇ ಪರದೆ, ಎರಡು ಕೆಲಸ

ಈಗ ಬಂದ್ ಆಗಿರೋ ರಿಕ್ವೆಸ್ಟ್ ಹ್ಯಾಂಗಿತ್ತು ನೋಡ್ರಿ. ಒಬ್ಬರು ತಮ್ಮ ಹಳೇ ಕೂಲರ್ ಮಾರ್ಲಿಕ್ಕ ಆನ್‌ಲೈನ್‌ನ್ಯಾಗ ಹಾಕ್ಯಾರ ಅಂತ ಇಟ್ಕೋರಿ. ಫೋನ್ ಬರ್ತದ, ಆ ಕಡೆ ಇದ್ದವ ಭಾಳ ಮರ್ಯಾದಿಯಿಂದ ಮಾತಾಡ್ತಾನ, ಅಣ್ಣಾವ್ರೇ ಅಡ್ವಾನ್ಸ್ 2000 ಕಳಿಸೇನಿ, ನಿಮ್ಮ ಫೋನಿಗೆ ಮೆಸೇಜ್ ಬಂದದ, ಒಪ್ಪಿಗಿ ಕೊಡ್ರಿ ಅಂತಾನ. ನೋಡಿದ್ರ ಖರೇನೇ ಮೆಸೇಜ್ ಬಂದಿರ್ತದ. ಅದರಾಗ ಅವನ ಹೆಸರು ಅದ, 2000 ಅಂತ ದಪ್ಪ ಅಂಕಿ ಅದ, ಕೆಳಗ ಎರಡು ಬಟನ್. ಒಂದು ಒತ್ತಿದ್ರ ದಿನಾ ನೋಡೋ ಅದೇ ಪಿನ್ ಪರದೆ, ಅದೇ ಚುಕ್ಕಿಗಳು, ಅದೇ ಅಂಕಿಗಳು. ಹೆಸರು ಕಂಡಿತು, ಮೊತ್ತ ಕಂಡಿತು, ಆದ್ರ ರೊಕ್ಕ ಬರೋದೋ ಹೋಗೋದೋ ಅಂತ ಹೇಳೋ ಶಬ್ದ ಸಣ್ಣ ಅಕ್ಷರದಾಗ ಎಲ್ಲೋ ಮೂಲ್ಯಾಗ. ಫೋನಿನ್ಯಾಗ ಮಾತಾಡೋವ ಮಾತ್ರ ಬಿಡ್ಲಾರದ ಹೇಳ್ತಾನ, "ಜಲ್ದಿ ಹಾಕ್ರಿ, ಕ್ಯಾನ್ಸಲ್ ಆಗ್ತದ."

ಎರಡು ಬ್ಯಾರೆ ಕೆಲಸ ಇಲ್ಲಿ ಒಂದೇ ಥರ ಕಾಣ್ತಾವ. ನಾನಾಗಿ ಒಬ್ಬರಿಗೆ ಕಳಿಸೋದು ಒಂದು ಕೆಲಸ, ಇನ್ನೊಬ್ಬ ನನ್ನ ಖಾತೆಯಿಂದ ಎಳಕೊಳ್ಳಾಕ ನಾನು ಹೂಂ ಅನ್ನೋದು ಇನ್ನೊಂದು. ಮೊದಲನೇದರಾಗ ನಂಬರ್, ಮೊತ್ತ ನಾನೇ ಒತ್ತೀನಿ, ಹಂಗಾಗಿ ಏನು ಮಾಡ್ಲಿಕ್ಹತ್ತೀನಿ ಅಂತ ಗೊತ್ತಿರ್ತದ. ಎರಡನೇದರಾಗ ಎಲ್ಲಾ ತಯಾರಾಗಿ ಬಂದು ಕುಂತಿರ್ತದ, ನನ್ನ ಪಾಲಿಗೆ ಉಳಿಯೋದು ಪಿನ್ ಒಂದೇ. ಹಿಂಗ ಎರಡು ಕೆಲಸಕ್ಕ ಒಂದೇ ಪರದೆ ಕೊಟ್ರ ಮನುಷ್ಯಾ ತಪ್ಪು ಮಾಡೇ ಮಾಡ್ತಾನ. ಗ್ಯಾಸ್ ಒಲಿ ಹಚ್ಚೋದಕ್ಕೂ ಆರಿಸೋದಕ್ಕೂ ಒಂದೇ ಕಡಿ ತಿರುಗೋ ಗುಬ್ಬಿ ಇಟ್ಟಂಗ.

ಮೇಲಾಗಿ ಕನ್ನಡದ ಸಮಸ್ಯೆ. ಆಪ್‌ನ ಭಾಷೆ ಕನ್ನಡಕ್ಕ ಬದ್ಲಿಸಿದ್ರ "ವಿನಂತಿ", "ಅನುಮೋದಿಸಿ", "ಪಾವತಿ ಸ್ವೀಕರಿಸಿ" ಅನ್ನೋ ಥರದ ಶಬ್ದ ಸಿಗ್ತಾವ. ನಮ್ಮ ಕಡೆ ಯಾರೂ ಪಾವತಿ ಅನ್ನಂಗಿಲ್ಲ, ರೊಕ್ಕ ಹಾಕು, ಫೋನ್ ಪೇ ಮಾಡು, ರೊಕ್ಕ ಬಿತ್ತೇನು ಅಂತಾರ. "ವಿನಂತಿ ಬಂದಿದೆ" ಅಂತ ಓದಿದವರಿಗೆ ಅದು ಯಾರೋ ನಮ್ರವಾಗಿ ಏನೋ ಕೇಳ್ಲಿಕ್ಹತ್ಯಾರ ಅನ್ನಿಸ್ತದ, ನಮ್ಮ ಖಾತೆಗೆ ಕೈ ಹಾಕ್ಯಾರ ಅನ್ನಿಸಂಗಿಲ್ಲ. "ನಿಮ್ಮ ಖಾತೆಯಿಂದ 2000 ರೂಪಾಯಿ ಹೋಗ್ತದ, ಕೊಡ್ತೀರೇನು?" ಅಂತ ಬರದಿದ್ರ ಎಷ್ಟು ಮನಿಯ ರೊಕ್ಕ ಉಳೀತಿತ್ತು.

ತಿಳುವಳಿಕೆ ಕೊಡಬೇಕೋ, ದಾರೀನೇ ಮುಚ್ಚಬೇಕೋ

ಭಾಳ ವರ್ಷ ನಡದದ್ದು ತಿಳುವಳಿಕೆ ಕೊಡೋ ದಾರಿ. ರಿಂಗ್‌ಟೋನ್ ಬದ್ಲಿ ಎಚ್ಚರಿಕೆ ಮಾತು, ಎಸ್‌ಎಂಎಸ್, ಟಿವಿ ಜಾಹೀರಾತು, ಪೊಲೀಸರ ಜಾಗೃತಿ ಜಾಥಾ. ಇದರ ಪರ ಇದ್ದವರ ವಾದಾನೂ ತಗದು ಹಾಕುವಂಥದ್ದಲ್ಲ: ರಿಕ್ವೆಸ್ಟ್ ಸೌಲಭ್ಯ ಖರೇನೇ ಉಪಯೋಗಕ್ಕ ಬರ್ತಿತ್ತು, ನಾಲ್ಕು ಮಂದಿ ದೋಸ್ತರು ಖಾನಾವಳಿಯಾಗ ಉಂಡು ಬಿಲ್ ಹಂಚಿಕೊಳ್ಳಾಕ, ರೂಮ್ ಬಾಡಿಗಿ ಕೇಳ್ಲಿಕ್ಕ, ಮಾತಾಡಿ ಕೇಳ್ಲಿಕ್ಕ ಮುಜುಗರ ಇದ್ದಲ್ಲಿ ಒಂದು ಬಟನ್ ಒತ್ತಿದ್ರ ಸಾಕಾಗ್ತಿತ್ತು. ಕೆಲವರು ದುರುಪಯೋಗ ಮಾಡಿದ್ರಂತ ಎಲ್ಲಾರಿಗೂ ಬಾಗಲ ಹಾಕೋದ್ಯಾಕ ಅಂತ ಅವರು ಕೇಳ್ತಾರ.

ಮೊದ್ಲು ಎನ್‌ಪಿಸಿಐನೂ ನಡುವಿನ ದಾರಿ ಹಿಡದಿತ್ತು. ವ್ಯಕ್ತಿಯಿಂದ ವ್ಯಕ್ತಿಗೆ ಹೋಗೋ ರಿಕ್ವೆಸ್ಟ್‌ಗೆ ಒಂದು ಸಲಕ್ಕ 2000 ರೂಪಾಯಿ ಮಿತಿ ಹಾಕಿತ್ತು. ಬೆಂಗಳೂರಿನ ದೊಡ್ಡ ಪಗಾರದವರಿಗೆ 2000 ಅಂದ್ರ ಸಣ್ಣ ನಷ್ಟ, ಆದ್ರ ನಮ್ಮ ಕಡಿ ಎಷ್ಟೋ ಮನಿಗೆ ಅದು ಲೆಕ್ಕಕ್ಕ ಲೆಕ್ಕ ಸರಿಯಾಗಿ ಒಂದು ತಿಂಗಳ ಗೃಹಲಕ್ಷ್ಮಿ. ಮಿತಿ ಹಾಕಿದ್ರಿಂದ ಮೋಸದ ಗಾತ್ರ ಸಣ್ಣದಾಯ್ತು, ಮೋಸ ನಿಲ್ಲಲಿಲ್ಲ. ಕೊನಿಗೆ 2025ರ ಜುಲೈ 29ರ ಸುತ್ತೋಲೆಯಾಗ ಪೂರ್ತಿ ಬಂದ್ ಮಾಡ್ಲಿಕ್ಕ ಹೇಳಿದ್ರು.

ನನ್ನ ಮಟ್ಟಿಗೆ ಇದು ಸರಿಯಾದ ನಿರ್ಧಾರ, ತಡಾ ಆಗಿ ಬಂದ ನಿರ್ಧಾರ. ಯಾಕಂದ್ರ ತಿಳುವಳಿಕೆ ಅನ್ನೋದು ಮನುಷ್ಯಾ ಸಮಾಧಾನದಾಗ ಇದ್ದಾಗ ಕೆಲಸ ಮಾಡ್ತದ, ಮೋಸಗಾರ ಬರೋದು ಸಮಾಧಾನ ಕೆಡಿಸಿ. ಅವಸರ, ಆಸೆ, ಅಂಜಿಕಿ ಮೂರರಾಗ ಒಂದನ್ನ ಮೊದ್ಲು ಹುಟ್ಟಿಸ್ತಾನ, ಆಮ್ಯಾಲ ಬಟನ್ ತೋರಿಸ್ತಾನ. ಆ ಹೊತ್ತಿಗೆ ಟಿವಿ ಜಾಹೀರಾತು ಯಾರ ನೆನಪಿಗೂ ಬರಂಗಿಲ್ಲ. ಬಟನ್ನೇ ಇಲ್ಲಂದ್ರ ತೋರಿಸ್ಲಿಕ್ಕ ಏನದ? ಬಿಲ್ ಹಂಚಿಕೊಳ್ಳೋರಿಗೆ ಕ್ಯೂಆರ್ ಕಳಿಸೋ ದಾರಿ ಇನ್ನೂ ಅದ, ಅವರಿಗೆ ಆದ ನಷ್ಟ ಅರ್ಧ ನಿಮಿಷದ್ದು.

ಕಿವಿಗೆ ಮಾಡಿದ ಮಷೀನ್

ಚಲೋ ವಿನ್ಯಾಸ ಹ್ಯಾಂಗಿರ್ತದ ಅಂತ ನೋಡ್ಲಿಕ್ಕ ದೂರ ಹೋಗೋದು ಬ್ಯಾಡ. ಕಲಬುರಗಿಯಾಗ ಸಂಜಿ ಮುಂದ ಮಿರ್ಚಿ ಭಜಿ ಬಂಡಿ ಮುಂದ ನಿಂದರ್ರಿ. ಭಜಿ ಕರಿಯೋವನ ಒಂದು ಕೈ ಕಡ್ಲಿ ಹಿಟ್ಟಿನ್ಯಾಗ ಮುಳಗ್ಯದ, ಇನ್ನೊಂದು ಕೈಯಾಗ ಜಾರಿ, ಎದುರಿಗೆ ಕುದಿಯೋ ಎಣ್ಣಿ, ಸುತ್ತ ಹತ್ತು ಮಂದಿ ನನಗೊಂದು ಪ್ಲೇಟ್ ನನಗೊಂದು ಪ್ಲೇಟ್ ಅಂತ. ಅವ ಫೋನ್ ಮುಟ್ಟೋ ಹಂಗಿಲ್ಲ. ಸೌಂಡ್ ಬಾಕ್ಸ್ ಬರೋಕಿಂತ ಮೊದ್ಲು ಗಿರಾಕಿ ತನ್ನ ಫೋನ್ ಎತ್ತಿ ಹಸಿರು ಟಿಕ್ ತೋರಿಸಿದ್ರ ಅವ ನಂಬಬೇಕಾಗ್ತಿತ್ತು, ನಕಲಿ ಸ್ಕ್ರೀನ್‌ಶಾಟ್ ತೋರಿಸಿ ಹೋದವರೂ ಇದ್ರು.

2019ರಾಗ ಪೇಟಿಎಂ ಸೌಂಡ್ ಬಾಕ್ಸ್ ತಂತು, ಆಮ್ಯಾಲ ಉಳಿದವರೂ ತಂದ್ರು. ಅದರಾಗ ಪರದೆ ಬ್ಯಾಡ, ಓದೋದು ಬ್ಯಾಡ, ಮುಟ್ಟೋದು ಬ್ಯಾಡ. ರೊಕ್ಕ ಬಿದ್ದ ಕೂಡ್ಲೇ ಕನ್ನಡದಾಗ ಮೊತ್ತ ಒದರ್ತದ, ಭಜಿಯವ ಎಣ್ಣಿ ಕಡಿಯಿಂದ ಕಣ್ಣು ಎತ್ತಲಾರದೇ ತಲಿ ಅಲ್ಲಾಡಿಸ್ತಾನ. ಹೇಳೋ ಮಾತೂ ಒಂದೇ ಒಂದು: ಇಷ್ಟು ರೂಪಾಯಿ ಬಂತು. ಗಿರಾಕಿಯ ಫೋನಿನ ಮಾತು ನಂಬೋದಲ್ಲ, ಅವನ ಸ್ವಂತ ಖಾತೆಯ ಮಾತು ಅವನ ಕಿವಿಗೆ ಬೀಳ್ತದ. ಅಂಗಡಿಯವನ ಕೈ ಎಲ್ಲಿರ್ತದ, ಕಣ್ಣು ಎಲ್ಲಿರ್ತದ ಅಂತ ಯಾರೋ ನಿಂತು ನೋಡಿ ಮಾಡ್ಯಾರ ಅಂತ ಕಾಣ್ತದ.

ಇದನ್ನ ಇಷ್ಟು ಹೇಳಿದ್ದು ಯಾಕಂದ್ರ, ರೊಕ್ಕ ತಗೊಳ್ಳೋ ಅಂಗಡಿಯವನಿಗೆ ಇಷ್ಟು ಕಾಳಜಿಯಿಂದ ಮಾಡಿದ ಸೌಲಭ್ಯ ರೊಕ್ಕ ಕೊಡೋ ಸಾದಾ ಮನುಷ್ಯಾಗ ಯಾಕಿಲ್ಲ? ಪಿನ್ ಕೇಳೋ ಮೊದ್ಲು ಫೋನೇ ಗಟ್ಟಿಯಾಗಿ "ನಿಮ್ಮ ಖಾತೆಯಿಂದ 500 ರೂಪಾಯಿ ಹೊಂಟದ" ಅಂತ ಹೇಳ್ಲಿಕ್ಕ ಬರಂಗಿಲ್ಲೇನು? ಬರ್ತದ, ತಂತ್ರಜ್ಞಾನ ಅಂಗಡಿ ಮುಂದ ತೂಗು ಹಾಕ್ಯದ. ಅಂಗಡಿಯವ ಸೌಂಡ್ ಬಾಕ್ಸ್‌ಗೆ ತಿಂಗಳ ಬಾಡಿಗಿ ಕೊಡ್ತಾನ, ಸಾದಾ ಬಳಕೆದಾರ ಯುಪಿಐಗೆ ಏನೂ ಕೊಡಂಗಿಲ್ಲ, ವ್ಯತ್ಯಾಸ ಭಾಳಷ್ಟು ಅಲ್ಲೇ ಅದ ಅನ್ನಿಸ್ತದ.

ಹೆಸರು ಕಾಣ್ತದ, ಓದ್ಲಿಕ್ಕ ಬರಂಗಿಲ್ಲ

ಹೆಸರಿನ ನಿಯಮದ ಉದ್ದೇಶ ಚಲೋನೇ ಅದ. ಮೊದ್ಲು ಫೋನಿನ್ಯಾಗ ನಾವು ಸೇವ್ ಮಾಡಿದ ಹೆಸರೋ, ಕ್ಯೂಆರ್‌ನ್ಯಾಗ ಅವರು ಬರದ ಹೆಸರೋ ಕಾಣ್ತಿತ್ತು, ಅದನ್ನ ಯಾರು ಬೇಕಾದವರು ಏನು ಬೇಕಾದ್ದು ಇಟ್ಕೋಬಹುದು. ಈಗ ಬ್ಯಾಂಕ್ ದಾಖಲೆಯಾಗಿನ ಹೆಸರೇ ಬರಬೇಕು. ಕಂಪನಿ ಹೆಸರು ಹೇಳಿ ಫೋನ್ ಮಾಡಿದವನ ಖಾತೆಯಾಗ ಯಾರೋ ಒಬ್ಬನ ಸ್ವಂತ ಹೆಸರು ಕಂಡ್ರ ಅನುಮಾನ ಬರ್ಲಿ ಅಂತ.

ಆದ್ರ ಬ್ಯಾಂಕಿನ ಹೆಸರು ಇಂಗ್ಲಿಷ್ ದೊಡ್ಡ ಅಕ್ಷರದಾಗ ಇರ್ತದ. ಆಪ್ ಕನ್ನಡದಾಗ ಇಟ್ರೂ ಆ ಒಂದು ಸಾಲು ಇಂಗ್ಲಿಷ್ಯಾಗೇ ಬರ್ತದ. ಅಂದ್ರ ಪರದೆ ಮ್ಯಾಲಿನ ಎಲ್ಲಾ ಸಾಲಿನ್ಯಾಗ ಎಲ್ಲಕ್ಕಿಂತ ಮುಖ್ಯವಾದ ಸಾಲು, ಓದ್ಲಿಕ್ಕ ಎಲ್ಲಕ್ಕಿಂತ ತ್ರಾಸಿನ ಸಾಲು. ಕನ್ನಡ ಓದೋ ಆಯಿಗೆ ಅದು ಬರೇ ಗೆರಿ. ನಮ್ಮ ಗಡಿ ಭಾಗದಾಗ ಉರ್ದು, ಮರಾಠಿ, ತೆಲುಗು ಓದೋರಿಗೂ ಇದೇ ಕಷ್ಟ.

ಇನ್ನೊಂದು ಗೊಂದಲ ನಮ್ಮ ಅಂಗಡಿಗಳ ಪದ್ಧತಿಯಿಂದ ಬರ್ತದ. ಬೋರ್ಡ್ ಮ್ಯಾಲ ಶರಣರ ಹೆಸರು, ದೇವರ ಹೆಸರು, ಖಾತೆ ಇರೋದು ಮಗನ ಹೆಸರಿಲೆ ಇಲ್ಲಾ ಹೆಂಡ್ತಿ ಹೆಸರಿಲೆ. ಕ್ಯೂಆರ್ ಹೊಡದ್ರ ಬೋರ್ಡಿಗೂ ಪರದೆಗೂ ಹೊಂದಾಣಿಕಿನೇ ಇರಂಗಿಲ್ಲ. ಗಿರಾಕಿ "ಇದ್ಯಾರ ಹೆಸರ್ರೀ ಕಾಕಾ?" ಅಂತ ಕೇಳ್ತಾನ, "ನಮ್ಮ ಸೊಸಿದು, ಹಾಕ್ರಿ" ಅಂತಾರ. ದಿನಕ್ಕ ನಾಲ್ಕು ಸಲ ಹಿಂಗಾದ್ರ ಹೆಸರು ಹೊಂದದೇ ಇರೋದು ಸಾಮಾನ್ಯ ಅನ್ನೋ ರೂಢಿ ಬೀಳ್ತದ, ಖರೇ ಮೋಸದವನ ಹೆಸರು ಹೊಂದದೇ ಇದ್ದಾಗಲೂ ಅನುಮಾನ ಬರಂಗಿಲ್ಲ. ಎಚ್ಚರಿಕೆ ಗಂಟೆ ಹಗಲೆಲ್ಲ ಬಾರಿಸಿದ್ರ ಕೇಳೋರ್ಯಾರು? ಹೆಸರನ್ನ ಕನ್ನಡ ಅಕ್ಷರದಾಗೂ ತೋರಿಸೋದು, ಮೊದಲ ಸಲ ರೊಕ್ಕ ಕಳಿಸೋ ಖಾತೆ ಆಗಿದ್ರ ಅದನ್ನ ದೊಡ್ಡದಾಗಿ ಹೇಳೋದು, ಇವೆರಡೂ ಮಾಡ್ಲಿಕ್ಕ ಬರೋವೇ.

ಎರಡು ಹೆಬ್ಬೆಟ್ಟು, ಎರಡೂ ಬ್ಯಾರೆ

ಬೆರಳಿನ ವಿಷಯಕ್ಕ ಬರೋಣು, ಮುಂದಿನ ಗೊಂದಲ ಹುಟ್ಟೋದು ಇಲ್ಲೇ.

ಬ್ಯಾಂಕ್ ಮಿತ್ರನ ಮಷೀನ್ ಮ್ಯಾಲ ಇಡೋ ಬೆರಳು ಆಧಾರ್ ಬೆರಳು. ಅದು ಅಲ್ಲಿಂದ ಆಧಾರ್ ದಾಖಲೆ ಜೊತಿ ಹೋಲಿಸ್ಲಿಕ್ಕ ಹೋಗ್ತದ, ಹೊಂದಿದ್ರ ರೊಕ್ಕ ಬರ್ತದ. ಇದಕ್ಕ ಎಇಪಿಎಸ್ ಅಂತಾರ, ಇದರಾಗ ಪಿನ್ ಇಲ್ಲ, ಓಟಿಪಿ ಇಲ್ಲ, ಆಧಾರ್ ನಂಬರ್, ಬ್ಯಾಂಕಿನ ಹೆಸರು, ಬೆರಳು ಇಷ್ಟಿದ್ರ ಸಾಕು. 2023ರಾಗ ನಮ್ಮ ರಾಜ್ಯದಾಗೇ ಆಸ್ತಿ ನೋಂದಣಿ ಮಾಡಿಸಿದ ಹಲವರು, ಕಾಗದದ ಮ್ಯಾಲಿನ ಬೆರಳಚ್ಚು ಬಳಸಿ ನಮ್ಮ ಖಾತೆಯಿಂದ ಎಇಪಿಎಸ್ ಮೂಲಕ ರೊಕ್ಕ ತಗದಾರ ಅಂತ ದೂರು ಕೊಟ್ಟಿದ್ರು. ಪಿನ್ ಕಳುವಾದ್ರ ಬದಲಿಸಬಹುದು, ಬೆರಳು ಬದಲಿಸ್ಲಿಕ್ಕ ಬರಂಗಿಲ್ಲ. ಅದಕ್ಕೇ ಆಧಾರ್‌ನ ಬಯೋಮೆಟ್ರಿಕ್ ಲಾಕ್ ಮಾಡೋ ಸೌಲಭ್ಯ ಇಟ್ಟಾರ, ಆದ್ರ ರೇಷನ್‌ಗೆ, ಪಿಂಚಣಿಗೆ ಮತ್ತ ಮತ್ತ ಬೆರಳು ಕೊಡೋರು ಲಾಕ್ ತಗದು ಹಾಕಿ ತಗದು ಹಾಕಿ ಮಾಡೋದು ಆಗುವಂಥ ಮಾತಲ್ಲ. ಬ್ಯಾಂಕ್ ಮಿತ್ರರ ಮ್ಯಾಲೆ ನಿಗಾ ಬಿಗಿ ಮಾಡೋ ರಿಸರ್ವ್ ಬ್ಯಾಂಕಿನ ನಿಯಮ 2026ರ ಜನವರಿ 1ರಿಂದ ಜಾರಿಗೆ ಬಂದದ, ಅದು ಬೇಕಾಗಿತ್ತು.

ಫೋನಿನ ಬೆರಳು ಹಂಗಲ್ಲ. ಅದು ಫೋನಿನ ಒಳಗೇ ಉಳೀತದ, ಬ್ಯಾಂಕಿಗಾಗಲಿ ಆಧಾರ್‌ಗಾಗಲಿ ಹೋಗಂಗಿಲ್ಲ. ಫೋನ್ ನೋಡ್ತದ, ಹೊಂದಿತು ಅಂತ ಹೇಳ್ತದ, ಅಷ್ಟಕ್ಕ ವ್ಯವಹಾರ ನಡೀತದ. ಇದು ತಾಂತ್ರಿಕವಾಗಿ ಚಲೋ ಪದ್ಧತಿ, ಹಿಂದ ನಿಂತು ಪಿನ್ ಇಣುಕಿ ನೋಡೋ ಕಾಟ ತಪ್ಪತದ, ಪಿನ್ ಮರಿಯೋ ವಯಸ್ಸಾದವರಿಗೆ ಅನುಕೂಲ. ಆದ್ರ ಇಲ್ಲೊಂದು ತೊಡಕು: ಫೋನಿಗೆ ಬೆರಳು ಗೊತ್ತು, ಬೆರಳಿನ ಯಜಮಾನ ಯಾರು ಅಂತ ಗೊತ್ತಿಲ್ಲ. ನಮ್ಮ ಮನ್ಯಾಗ ಫೋನ್ ಅಂದ್ರ ಒಬ್ಬರದ್ದಲ್ಲ. ಯೂಟ್ಯೂಬ್ ನೋಡ್ಲಿಕ್ಕ ಮಗನ ಬೆರಳು ಸೇರಿಸಿರ್ತಾರ, ಅವಸರಕ್ಕ ಇರಲಿ ಅಂತ ತಮ್ಮನ ಬೆರಳು ಸೇರಿಸಿರ್ತಾರ. ಲಾಕ್ ತೆಗಿಯೋ ಬೆರಳೇ ನಾಳೆ ರೊಕ್ಕ ಕಳಿಸೋ ಬೆರಳಾಗ್ತದ.

ದುಡಿಯೋ ಕೈಗಳ ಮಾತು ಬ್ಯಾರೆ. ತೊಗರಿ ಕೊಯ್ಲು, ಹತ್ತಿ ಬಿಡಿಸೋದು, ಬೀದರ್‌ನ ಬಿದ್ರಿ ಕೆಲಸದಾಗ ಅರಾ ಹಾಕಿ ಉಜ್ಜಿ ಉಜ್ಜಿ ಗೆರಿ ಸವದ ಬೆರಳು, ಇವು ರೇಷನ್ ಮಷೀನ್‌ನ್ಯಾಗೇ ಹತ್ತಂಗಿಲ್ಲ, ಫೋನಿನ ಅಂಚಿನ ಸಣ್ಣ ಪಟ್ಟಿಯಾಗ ಇನ್ನೂ ಕಷ್ಟ. ಬ್ಯಾಸಿಗ್ಯಾಗ 40 ಡಿಗ್ರಿ ದಾಟಿದ ಮ್ಯಾಲ ಬೆವರಿನ ಕೈ, ಬಿಸಲಾಗ ಕಾಣದ ಪರದೆ. ಹಂಗಾಗಿ ಪಿನ್ ದಾರಿ ಎಂದೂ ಮುಚ್ಚಬಾರದು.

ಇದಕ್ಕಿಂತ ದೊಡ್ಡ ಚಿಂತಿ ನನಗ ಆ ಹಳೇ ಪಾಠದ್ದು. ಪಿನ್ ಅನ್ನೋದು ತ್ರಾಸಿನ ಕೆಲಸ ಖರೆ, ನಾಲ್ಕು ಇಲ್ಲಾ ಆರು ಅಂಕಿ ನೆನಪು ಮಾಡಿ ಒತ್ತಬೇಕು, ಆದ್ರ ಆ ಎರಡು ಕ್ಷಣದಾಗ ಮನುಷ್ಯಾಗ "ರೊಕ್ಕ ಹೊಂಟದ" ಅನ್ನೋ ಎಚ್ಚರ ಇರ್ತದ. ಇಷ್ಟು ವರ್ಷ ಬಡಕೊಂಡು ಬಡಕೊಂಡು ಪಿನ್ ಅಂದ್ರ ಹೋಗೋದು ಅಂತ ಕಲಿಸ್ಯಾರ. ಈಗ ಅದೇ ಜಾಗಾದಾಗ ಬೆರಳು ಬಂದ್ರ, ಬೆರಳು ಅಂದ್ರ ಸಿಗೋದು ಅಂತ ಕಲತ ಮಂದಿಗೆ ಆ ಗಡಿನೇ ಅಳಿಸಿ ಹೋಗ್ತದ. "ಅವ್ವಾ, ಗೃಹಲಕ್ಷ್ಮಿ ಬಂದದ, ಫೋನಿಗೆ ಹೆಬ್ಬೆಟ್ಟು ಒತ್ರಿ" ಅಂತ ಯಾರರೆ ಹೇಳಿದ್ರ ಒತ್ತಬಾರದು ಅನ್ನಾಕ ಆಕಿಗೆ ಕಾರಣ ಏನದ? ರೇಷನ್ ಅಂಗಡ್ಯಾಗ ದಿನಾ ಹಿಂಗೇ ಹೇಳ್ತಾರ.

ಸಣ್ಣ ಮೊತ್ತಕ್ಕ ಹಗುರ, ದೊಡ್ಡದಕ್ಕ ಬಿಗಿ ಅನ್ನೋ ಲೆಕ್ಕ ಯುಪಿಐದಾಗ ಮೊದ್ಲೇ ಅದ, ಯುಪಿಐ ಲೈಟ್ ಅನ್ನೋ ಸಣ್ಣ ರೊಕ್ಕದ ಪೆಟ್ಟಿಗಿಯಿಂದ ಒಂದು ಸಲಕ್ಕ 1000 ರೂಪಾಯಿ ತನಕ ಪಿನ್ ಇಲ್ಲದೇ ಹೋಗ್ತದ, ಆ ಪೆಟ್ಟಿಗಿಯಾಗ 5000ಕ್ಕಿಂತ ಹೆಚ್ಚು ಇಡಾಕೇ ಬರಂಗಿಲ್ಲ. ಬೆರಳಿಗೂ ಇದೇ ಥರ, ಗುರುತಿನ ಅಂಗಡಿಗೆ, ಸಣ್ಣ ಮೊತ್ತಕ್ಕ ಬೆರಳು, ಹೊಸ ಖಾತೆಗೆ ಮೊದಲ ಸಲ ಕಳಿಸೋ ಮುಂದ ಪಿನ್, ಹಿಂಗ ಇಟ್ರ ಆ ಎರಡು ಕ್ಷಣದ ತಡಾ ಬೇಕಾದಲ್ಲಿ ಉಳೀತದ.

ತಪ್ಪು ಯಾರದು ಅಂದ್ರ ರೊಕ್ಕ ಯಾರದು

ಇದು ಬರೇ ಯಾರನ್ನ ಬೈಬೇಕು ಅನ್ನೋ ಮಾತಲ್ಲ. ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆ ಪ್ರಕಾರ ಬ್ಯಾಂಕಿನದೂ ತಪ್ಪಿಲ್ಲ, ಗ್ರಾಹಕಂದೂ ತಪ್ಪಿಲ್ಲ, ನಡುವ ಎಲ್ಲೋ ಕಳುವಾಗ್ಯದ ಅಂದ್ರ ಮೂರು ಕೆಲಸದ ದಿನದಾಗ ತಿಳಿಸಿದವರಿಗೆ ಹೊಣಿ ಇಲ್ಲ. ಗ್ರಾಹಕನ ನಿರ್ಲಕ್ಷ್ಯ ಅಂತ ಆದ್ರ ಬ್ಯಾಂಕಿಗೆ ತಿಳಿಸೋ ತನಕ ಆದ ನಷ್ಟ ಅವನದೇ. 2025ರ ನಿರ್ದೇಶನದಾಗೂ, ಬ್ಯಾಂಕು ನಿಯಮ ಪಾಲಿಸದೇ ನಷ್ಟ ಆದ್ರ ಪೂರ್ತಿ ತುಂಬಿ ಕೊಡಬೇಕು ಅಂತ ಅದ. ಆದ್ರ ಮೋಸಗಾರನ ಮಾತು ನಂಬಿ ಸ್ವಂತ ಕೈಯಿಂದ ಪಿನ್ ಒತ್ತಿದವರ ಕಥಿ? ನಿಯಮ ಎಲ್ಲಾ ಪಾಲನೆ ಆಗ್ಯದ, ಫೋನು ನಿಮ್ಮದೇ, ಪಿನ್ನೂ ನಿಮ್ಮದೇ. "ನೀವೇ ಹಾಕೀರಲ್ಲ" ಅಂತ ಮಾತು ಮುಗೀತದ.

ಗೊಂದಲದ ಪರದೆ ಮಾಡಿದವರ ಪಾಲು ಈ ಲೆಕ್ಕದಾಗ ಸೊನ್ನಿ. ಬ್ರಿಟನ್‌ನ್ಯಾಗ 2024ರ ಅಕ್ಟೋಬರ್ 7ರಿಂದ ಬ್ಯಾರೆ ನಿಯಮ ತಂದಾರ, ಮೋಸಗಾರನ ಮಾತು ಕೇಳಿ ಸ್ವತಃ ಕಳಿಸಿದ ರೊಕ್ಕಾನೂ 85000 ಪೌಂಡ್ ತನಕ ವಾಪಸ್ ಕೊಡಬೇಕು, ಆ ಭಾರ ಕಳಿಸಿದ ಬ್ಯಾಂಕು, ತಗೊಂಡ ಬ್ಯಾಂಕು ಅರ್ಧ ಅರ್ಧ ಹೊರಬೇಕು. ಹಂಗ ಮಾಡಿದ್ರ ಮಂದಿ ಎಚ್ಚರ ತಪ್ಪತಾರ, ಸುಳ್ಳು ದೂರು ಹೆಚ್ಚಾಗ್ತಾವ ಅನ್ನೋದು ಬ್ಯಾಂಕಿನವರ ಆಕ್ಷೇಪ, ಅದರಾಗೂ ಸ್ವಲ್ಪ ಖರೆ ಅದ. ಆದ್ರ ನಷ್ಟದ ಒಂದು ಪಾಲು ಬ್ಯಾಂಕಿನ ಮ್ಯಾಲ ಬಿದ್ದ ದಿನ ಆ ಸಣ್ಣ ಅಕ್ಷರ ದೊಡ್ಡದಾಗ್ತದ, "ವಿನಂತಿ" ಹೋಗಿ "ರೊಕ್ಕ ಹೋಗ್ತದ" ಬರ್ತದ, ಮೋಸದ ಖಾತೆ ತೆರಿಯೋ ಮುಂದ ಬ್ಯಾಂಕು ಎರಡು ಸಲ ನೋಡ್ತದ.

ಮುಂದ ಏನಾಗ್ತದ

ರಿಕ್ವೆಸ್ಟ್ ದಾರಿ ಮುಚ್ಚಿದ್ರಿಂದ ಮೋಸಗಾರರು ಊರು ಬಿಡಂಗಿಲ್ಲ, ಮಗ್ಗಲಿನ ಓಣಿಗೆ ಹೋಗ್ತಾರ. "ರೊಕ್ಕ ತಗೊಳ್ಳಾಕ ಈ ಕ್ಯೂಆರ್ ಸ್ಕ್ಯಾನ್ ಮಾಡ್ರಿ" ಅನ್ನೋದು ಇದ್ದೇ ಅದ. ಲಗ್ನಪತ್ರಿಕೆ ಅಂತ, ಟ್ರಾಫಿಕ್ ದಂಡ ಅಂತ ವಾಟ್ಸಾಪ್‌ಗೆ ಬರೋ ಎಪಿಕೆ ಫೈಲು, ಅಂದ್ರ ಒತ್ತಿದ್ರ ಫೋನಿಗೆ ಹೊಸ ಆಪ್ ಹಾಕೋ ಫೈಲು, ಫೋನನ್ನೇ ವಶ ಮಾಡ್ಕೋತಾವ, ಅಲ್ಲಿ ಯಾವ ಪರದೆಯೂ ಕಾಪಾಡಂಗಿಲ್ಲ. ರೊಕ್ಕ ಹೋಯ್ತು ಅಂದ ಕೂಡ್ಲೇ ಸೈಬರ್ ಮೋಸದ ಸಹಾಯವಾಣಿ 1930ಕ್ಕ ಫೋನ್ ಹಚ್ಚಬೇಕು, ರೊಕ್ಕ ಇನ್ನೊಂದು ಖಾತೆಯಾಗ ಇರೋ ತನಕ ತಡಿಯೋ ಅವಕಾಶ ಇರ್ತದ, ಯಾರರೆ ನಕ್ಕಾರು ಅಂತ ಮರುದಿನದ ತನಕ ಮುಚ್ಚಿಟ್ರ ಅದೂ ಹೋಗ್ತದ.

ಬೆರಳಿನ ಸೌಲಭ್ಯ ಚಾಲೂ ಮಾಡ್ಬೇಕು ಅನ್ನೋರು ಮೊದ್ಲು ಫೋನಿನ ಸೆಟ್ಟಿಂಗ್‌ನ್ಯಾಗ ಫಿಂಗರ್‌ಪ್ರಿಂಟ್ ಅಂತ ಇರೋದು ತೆಗದು ನೋಡ್ರಿ, ಎಷ್ಟು ಬೆರಳು ಸೇರ್ಯಾವ ಅಂತ ಅಲ್ಲಿ ಪಟ್ಟಿ ಇರ್ತದ, ಯಾರದ್ದು ಅಂತ ಹೆಸರು ಇರಂಗಿಲ್ಲ, ಒಂದು ಎರಡು ಮೂರು ಅಂತ ಅಷ್ಟೇ. ಗೊತ್ತಿಲ್ಲದ್ದು ಇದ್ರ ಎಲ್ಲಾ ಅಳಿಸಿ ನಿಮ್ಮದು ಒಂದೇ ಹೊಸದಾಗಿ ಸೇರಿಸ್ರಿ. ಮನ್ಯಾಗ ಆಯಿಯ ಫೋನ್ ಇದ್ರ ಅದರಾಗ ಬೆರಳಿನ ಪಾವತಿ ಚಾಲೂ ಮಾಡೋದು ಸದ್ಯಕ್ಕ ಬ್ಯಾಡ, ಪಿನ್ನೇ ಇರಲಿ.